ಜಳಕಕ್ಕೆ ಹೋದವರು

ಒಂಟಿಯಾಗಿ ಇರುವ ಹೆಂಗಸಿಗೆ ಯಾರೂ ಕಲಿಸದೆ ಬರುವ ವಿದ್ಯೆಗಳು ಕೆಲವು ಇವೆ. ಬಾಗಿಲ ಹೊರಗೆ ಗಂಡಸಿನ ಚಪ್ಪಲಿ ಇಟ್ಟಿರುವುದು ಒಂದು. ಬಾಲ್ಕನಿಯ ಹಗ್ಗದ ಮೇಲೆ ಆಗಾಗ ಒಂದು ಶರ್ಟು ಒದ್ದೆ ಮಾಡಿ ಹರವುವುದು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದೆಂದರೆ, ಯಾರಾದರೂ ಗಂಡನ ಹೆಸರು ಹಿಡಿದು ಕೂಗಿದಾಗ ಬಾಗಿಲು ತೆಗೆಯದೆ ಒಳಗಿಂದಲೇ ಉತ್ತರ ಕೊಡುವುದು. ನನ್ನ ಉತ್ತರ ಯಾವಾಗಲೂ ಒಂದೇ: ಇದ್ದಾರೆ, ಸ್ನಾನ ಮಾಡುತ್ತಿದ್ದಾರೆ. ಗ್ಯಾಸಿನವನಿಗೆ ಹಿಂದಿಯಲ್ಲಿ, ಚಂದಾ ಕೇಳಲು ಬಂದ ಗಣಪತಿ ಮಂಡಳಿಯವರಿಗೆ ಮರಾಠಿಯಲ್ಲಿ, ಯಾವಾಗಲೋ ಒಮ್ಮೆ ವಿಳಾಸ ಹುಡುಕಿಕೊಂಡು ಬರುವ ನಮ್ಮ ಕಡೆಯ ನೇಕಾರರಿಗೆ ಕನ್ನಡದಲ್ಲಿ. ಮೂರು ಭಾಷೆಯಲ್ಲೂ ನನ್ನ ಗಂಡ ಸ್ನಾನವನ್ನೇ ಮಾಡುತ್ತಿದ್ದರು.

ಗ್ಯಾಸಿನವನು ಒಮ್ಮೆ ಮೆಟ್ಟಿಲಲ್ಲಿ ನಿಂತು, ಸಾಹೇಬರು ಬಹಳ ಶುಚಿಯಾದ ಮನುಷ್ಯರು ಬಿಡಿ ಎಂದು ನಕ್ಕಿದ್ದ. ನಗಲಿ. ಅವನಿಗೇನು ಗೊತ್ತು, ಬಾಗಿಲ ಈಚೆ ಚಿಲಕ ಹಿಡಿದು ನಿಂತವಳ ಕೈ ಎಷ್ಟು ಬೆವರುತ್ತದೆಂದು.

ನನ್ನ ಹೆಸರು ತೇಜಶ್ರೀ. ತವರು ಗುಳೇದಗುಡ್ಡ. ಗಂಡನ ಮನೆಯವರು ಅವರ ಅಜ್ಜನ ಕಾಲದಿಂದ ನಾಗಪುರದ ಇತವಾರಿ ಪೇಟೆಯಲ್ಲಿ ಖಣ ಮತ್ತು ಇಳಕಲ್ ಸೀರೆಯ ವ್ಯಾಪಾರ ಮಾಡಿಕೊಂಡಿದ್ದರು. ಗಂಡನ ಹೆಸರು ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಮದುವೆಯ ದಿನ ಒಡಪು ಕಟ್ಟಿ ಹೇಳಿದ್ದೇ ಮೊದಲು, ಅದೇ ಕಡೆ. ಕೇದಾರನಾಥ ಅಂಗಡಿ ಎಂಬ ಹೆಸರನ್ನು ಇಲ್ಲಿ ಬರೆಯುತ್ತಿರುವುದು ಓದುವವರಿಗೆ ಗೊತ್ತಿರಲೆಂದು; ಬಾಯಲ್ಲಿ ಈಗಲೂ "ನಮ್ಮವರು" ಎಂದೇ ಬರುತ್ತದೆ. ಅವರೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಏ, ಕೇಳಿಲ್ಲಿ" ಎಂದರೆ ಅದು ನಾನು. ಮಕ್ಕಳಾಗಲಿಲ್ಲವಾದ್ದರಿಂದ "ಏ, ಕೇಳಿಲ್ಲಿ" ಎಂದರೆ ಇನ್ಯಾರು ಎಂಬ ಪ್ರಶ್ನೆಯೂ ಇರಲಿಲ್ಲ.

ಎಂಟು ವರ್ಷದ ಹಿಂದೆ ಕಾರ್ತಿಕ ಹುಣ್ಣಿಮೆಯ ಬೆಳಿಗ್ಗೆ ಅವರು ಕನ್ಹಾನ್ ನದಿಗೆ ಹೊರಟರು. ಪ್ರತಿವರ್ಷ ಹೋಗುತ್ತಿದ್ದರು. ಸ್ಕೂಟರಿನ ಮುಂದೆ ಬಟ್ಟೆಯ ಚೀಲ ಸಿಕ್ಕಿಸಿಕೊಂಡು, "ಜಳಕಾ ಮಾಡಿ ಬರ್ತೀನಿ, ಅವಲಕ್ಕಿ ಹಚ್ಚಿಡು" ಅಂದರು. ನಾನು ಹಚ್ಚಿಟ್ಟೆ. ಹೊತ್ತು ಏರಿತು, ಇಳಿಯಿತು, ಅವಲಕ್ಕಿ ಮೆತ್ತಗಾಯಿತು. ಸ್ಕೂಟರು ನದಿಯ ದಂಡೆಯ ಮೇಲೆ ನಿಂತಿತ್ತು. ಬಟ್ಟೆಯ ಚೀಲ ಇರಲಿಲ್ಲ, ಮನುಷ್ಯ ಇರಲಿಲ್ಲ. ಅಲ್ಲಿ ಮರಳು ತೆಗೆದ ಗುಂಡಿಗಳು ಬಹಳ; ಪೊಲೀಸರು ಈಜುಗಾರರನ್ನು ಇಳಿಸಿ ಹುಡುಕಿದರು. ಏನೂ ಸಿಗಲಿಲ್ಲ. ಮುಳುಗಿದರು ಎಂದರು ಕೆಲವರು. ಮುಳುಗಿದವನು ಒಣ ಬಟ್ಟೆಯನ್ನೂ ಕಟ್ಟಿಕೊಂಡು ಮುಳುಗುತ್ತಾನೆಯೇ, ಎಲ್ಲೋ ಎದ್ದು ಹೋಗಿದ್ದಾನೆ ಎಂದರು ಕೆಲವರು. ಆಡಿಕೊಳ್ಳುವವರ ಬಾಯಿಗೆ ನಾನು ಬೀಗ ಹಾಕಲಾರೆ. ಅಂಗಡಿ ಮುಚ್ಚಿದೆ. ಸೀರೆಗಳಿಗೆ ಫಾಲ್ ಹಚ್ಚಿ ಇತವಾರಿಯ ಬೇರೆ ಅಂಗಡಿಗಳಿಗೆ ಒಯ್ದುಕೊಟ್ಟು ಬರುವ ಕೆಲಸ ಹಿಡಿದೆ.

ಹೀಗೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ. ಮೊದಲ ವರ್ಷ ಸಂಕ್ರಾಂತಿಗೆ ಎದುರು ಮನೆಯ ಮೃಣಾಲಿನಿ ವಹಿನಿ ಅರಿಶಿನ-ಕುಂಕುಮಕ್ಕೆ ಕರೆದಳು. ಹೋದೆ. ಕುಂಕುಮದ ಬಟ್ಟಲು ಹಿಡಿದವಳು ನನ್ನ ಮುಂದೆ ಬಂದಾಗ ಒಂದು ಗಳಿಗೆ ತಡೆದಳು, ಸುತ್ತ ಕೂತ ಹೆಂಗಸರ ಮುಖ ನೋಡಿದಳು, ಆಮೇಲೆ ಹಚ್ಚಿದಳು. ಮರುವರ್ಷ ಎಳ್ಳುಂಡೆಯನ್ನು ಮಾತ್ರ ಬಾಗಿಲಿಗೆ ತಂದುಕೊಟ್ಟಳು. ಅದರ ಮರುವರ್ಷ ಅದೂ ಇಲ್ಲ. ಅವಳ ಬಾಗಿಲ ಮುಂದೆ ಓಣಿಯ ಹೆಂಗಸರ ಚಪ್ಪಲಿಗಳೆಲ್ಲ ರಾಶಿ ಬಿದ್ದಿರುತ್ತಿದ್ದವು, ನಾನು ಕಿಂಡಿಯಲ್ಲಿ ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ವಿಧವೆಯರ ಜೊತೆ ಕೂರೋಣವೆಂದರೆ ಅವರೂ ಒಪ್ಪುತ್ತಿರಲಿಲ್ಲ. ನಿನ್ನ ಗಂಡ ನಾಳೆ ಬಂದರೂ ಬಂದಾನು, ಬಾಯಲ್ಲಿ ಅಪಶಕುನ ಆಡಬೇಡ ಎನ್ನುತ್ತಿದ್ದರು. ಮನೆ ಅವರ ಹೆಸರಿನಲ್ಲಿತ್ತು, ಲೈಟ್ ಬಿಲ್ಲು ಅವರ ಹೆಸರಿನಲ್ಲಿತ್ತು, ಗ್ಯಾಸು ಅವರ ಹೆಸರಿನಲ್ಲಿತ್ತು. ನಾನು ಏನು ಎಂದು ಹೇಳುವವರು ಯಾರೂ ಇರಲಿಲ್ಲ.

ಏಳು ವರ್ಷ ಸುದ್ದಿಯೇ ಇಲ್ಲದ ಮನುಷ್ಯನನ್ನು ತೀರಿಕೊಂಡನೆಂದು ಕೋರ್ಟು ಘೋಷಿಸಬಹುದಂತೆ. ಇದನ್ನು ನನಗೆ ಹೇಳಿದವಳು ವಕೀಲೆ ಯಶಸ್ವಿನಿ. ಧಾರವಾಡದವರ ಮಗಳು, ಆದರೆ ಹುಟ್ಟಿ ಬೆಳೆದದ್ದು ನಾಗಪುರದಲ್ಲೇ. ಕನ್ನಡ ಶುರುಮಾಡಿ ಅರ್ಧಕ್ಕೆ ಮರಾಠಿ ಹಿಡಿಯುತ್ತಾಳೆ, ಕನ್ನಡ ಅಕ್ಷರ ಓದಲು ಬರುವುದಿಲ್ಲ. ನಾನು ಒಂದು ದಿನ ಪೂರ್ತಿ ಯೋಚಿಸಲಿಲ್ಲ. ಹಾಕು ದಾವೆ ಎಂದೆ. ಬದುಕಿದ್ದಾರೆ ಎಂದರೆ ತಂದು ತೋರಿಸಲಿ, ಇಲ್ಲವೆಂದರೆ ಇಲ್ಲವೆಂದು ಬರೆದುಕೊಡಲಿ. ಯಾವುದಾದರೂ ಒಂದು ಆಗಲಿ. ನನಗೆ ಬೇಕಾಗಿದ್ದುದು ಅಷ್ಟೇ.

ಸಿವಿಲ್ ಲೈನ್ಸಿನ ಕೋರ್ಟಿಗೆ ಮೊದಲ ಸಲ ಹೋದ ದಿನ ಜಾತ್ರೆಗೆ ಬಂದೆನೇನೋ ಅನ್ನಿಸಿತು. ಬಾಗಿಲಲ್ಲಿ ಚೀಲ ತಡಕಾಡುವ ಪೊಲೀಸರು, ಮರದ ಕೆಳಗೆ ಟೈಪ್ ಮಾಡುವವರು, ಸ್ಟಾಂಪ್ ಮಾರುವವರ ಮುಂದೆ ಸಾಲು, ಲಿಫ್ಟಿನ ಮುಂದೆ ಅದಕ್ಕಿಂತ ಉದ್ದದ ಸಾಲು. ಒಳಗೆ ವಿಚಾರಣೆಯ ಕಿಟಕಿಯಲ್ಲಿ ಕೂತ ಹುಡುಗಿ ನನ್ನ ದಾವೆಯ ನಂಬರು ನೋಡಿ, ಇಂಥ ಮಹಡಿ, ಇಂಥ ಕೋಣೆ, ಗೋಡೆಯ ಮೇಲಿನ ಟಿವಿಯಲ್ಲಿ ನಂಬರು ಬಂದಾಗ ಒಳಗೆ ಹೋಗಿ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದಳು. ಜೊತೆಗೆ ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದೆ.

ಕೋರ್ಟಿಗೆ ಒಬ್ಬರೇ ಬರುವವರು ಕಡಿಮೆ ಎಂದು ಅವತ್ತೇ ತಿಳಿಯಿತು. ಹೊಲದ ಬದುವಿಗೆ ಬಡಿದಾಡುವ ಅಣ್ಣತಮ್ಮಂದಿರು ಎರಡು ಜೀಪು ಜನ ತುಂಬಿಕೊಂಡು ಬರುತ್ತಾರೆ. ಬಾಡಿಗೆದಾರನ ಮೇಲೆ ದಾವೆ ಹಾಕಿದ ಮುದುಕ ಸೊಸೆ ಕಟ್ಟಿಕೊಟ್ಟ ಡಬ್ಬಿ ತೆಗೆದು ಅದೇ ಬಾಡಿಗೆದಾರನಿಗೆ ಒಂದು ಚಪಾತಿ ಕೊಡುತ್ತಾನೆ. ಜಗಳಕ್ಕೂ ಇಬ್ಬರು ಬೇಕು. ನನ್ನ ದಾವೆಯಲ್ಲಿ ಎದುರಾಳಿಯೆಂದರೆ ನಮ್ಮವರೇ, ಅವರು ಇಲ್ಲವೆಂಬುದೇ ನನ್ನ ದಾವೆ. ಬೆಂಚಿನ ಮೇಲೆ ಕೂತು ಚಪಾತಿ ತಿನ್ನುವವರನ್ನು ನೋಡುತ್ತ ನಾನು ಹೊತ್ತು ಕಳೆಯುತ್ತಿದ್ದೆ. ನಿಜ ಹೇಳಬೇಕೆಂದರೆ ತಾರೀಖು ಬಂತೆಂದರೆ ಒಂದು ಬಗೆಯ ಹುರುಪೂ ಇರುತ್ತಿತ್ತು. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಇದು ಚಲೋ.

ಯಶಸ್ವಿನಿ ಒಂದು ಮಾತು ಹೇಳಲು ಮರೆತಿದ್ದಳು. ಯಾರ ಮೇಲೆ ದಾವೆ ಇದೆಯೋ ಅವರಿಗೆ ಕೋರ್ಟು ಸಮನ್ಸು ಕಳಿಸುತ್ತದೆ. ಆ ಮನುಷ್ಯ ಎಲ್ಲಿದ್ದಾನೋ ಗೊತ್ತಿಲ್ಲದಿದ್ದರೆ, ಅವನು ಕೊನೆಗೆ ಇದ್ದ ಮನೆಗೆ ಕಳಿಸುತ್ತದೆ. ಅಂದರೆ ನನ್ನ ಮನೆಗೆ. ಬೇಲಿಫ್ ಎಂಬ ನೌಕರ ಅದನ್ನು ಹೊತ್ತು ತಂದು, ಹೆಸರು ಹಿಡಿದು ಕರೆದು, ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡು ಹೋಗಬೇಕು. ಸಿಗದಿದ್ದರೆ ಏನಾಯಿತೆಂದು ವರದಿ ಬರೆಯಬೇಕು. ಇದೆಲ್ಲ ನನಗೆ ತಿಳಿದದ್ದು ಆಗಬಾರದ್ದು ಆದ ಮೇಲೆ.

ಅಂಥದೊಂದು ತಾರೀಖಿಗೆ ನಮ್ಮ ನಂಬರು ಬಂತು. ಕೋಣೆಯ ಬಾಗಿಲಲ್ಲಿ ಪಟ್ಟೇವಾಲಾ ಜವಾನ ನಿಂತು ಮೊದಲು ನನ್ನ ಹೆಸರು ಕೂಗಿದ. ಆಮೇಲೆ, "ಕೇದಾರನಾಥ ಅಂಗಡೀ, ಹಾಜಿರ್ ಹೋ" ಎಂದು ಅವರದ್ದು ಕೂಗಿದ. ನನ್ನ ನಾಲಿಗೆ ತಾನೇ ಎದ್ದಿತು. ಇದ್ದಾರೆ ಎನ್ನುವುದು ಹಲ್ಲಿನ ತನಕ ಬಂದಿತ್ತು, ಕಚ್ಚಿ ಹಿಡಿದೆ. ಎಂಟು ವರ್ಷದಲ್ಲಿ ಆ ಹೆಸರನ್ನು ನಾನು ಕೇಳಿದ್ದೆಲ್ಲ ಬಾಗಿಲ ಹೊರಗಿನವರ ಬಾಯಲ್ಲಿ, ಪ್ರತಿಸಲವೂ ಉತ್ತರ ಕೊಟ್ಟವಳು ನಾನೇ. ಒಳಗೆ ಹೋದೆ.

ನ್ಯಾಯಾಧೀಶರು ಹೆಂಗಸು, ನನಗಿಂತ ವಯಸ್ಸಿನಲ್ಲಿ ಸಣ್ಣವರು. ಕಾಗದ ತೆಗೆದು ಓದಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಮರಾಠಿಯಲ್ಲಿ ಓದಿ ಹೇಳಿದರು. ಬೇಲಿಫ್ ಮೂರು ದಿನ ಹೋಗಿದ್ದನಂತೆ. ಮೊದಲ ದಿನ, ಪ್ರತಿವಾದಿ ಮನೆಯಲ್ಲಿದ್ದಾರೆ, ಸ್ನಾನ ಮಾಡುತ್ತಿದ್ದಾರೆ ಎಂದು ಒಳಗಿಂದ ಹೆಂಗಸೊಬ್ಬಳು ಹೇಳಿದಳು. ಎರಡನೆಯ ದಿನ ಪೂಜೆಗೆ ಕೂತಿದ್ದಾರೆ ಎಂದಳು. ಮೂರನೆಯ ದಿನ ಮತ್ತೆ ಸ್ನಾನ. ಬಾಗಿಲ ಹೊರಗೆ ಗಂಡಸಿನ ಚಪ್ಪಲಿ ಇದ್ದವು. ಹಗ್ಗದ ಮೇಲೆ ಶರ್ಟು ಒಣಗುತ್ತಿತ್ತು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪೂಜೆ ಎಂದದ್ದು ಹೌದು, ಒಂದೊಂದು ಸಲ ಬದಲಾವಣೆಗೆಂದು ಪೂಜೆಗೂ ಕೂರಿಸುತ್ತಿದ್ದೆ. ಕುಕ್ಕರು ಕೂಗುವಾಗ ಯಾರೋ ಹೆಸರು ಕರೆದಿದ್ದರು, ಬಾಯಿಪಾಠದ ಹಾಗೆ ಹೇಳಿ ಮರೆತಿದ್ದೆ. ಕರೆದವನು ಕೋರ್ಟಿನವನೆಂದು ನನಗೇನು ಕನಸು ಬಿದ್ದಿತ್ತೇ. ಯಶಸ್ವಿನಿ ಬೆಳ್ಳಗಾಗಿ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಕಾಕೂ, ಹೇ ಕಾಯ್ ಕೇಲಂ ತುಮ್ಹೀ? ಏನ ಮಾಡೀರಿ ಇದು? ಅವರು ಇಲ್ಲ ಅಂತ ನಾವು ಕೋರ್ಟಿಗೆ ಬಂದೀವಿ. ನೀವ ಅದಾರ ಅಂತ ಹೇಳಿ ಕಳಿಸೀರಿ."

ನ್ಯಾಯಾಧೀಶರ ಮುಖ ಗಂಟಿಕ್ಕಿತ್ತು. ಬದುಕಿರುವ ಗಂಡನನ್ನು ಮನೆಯಲ್ಲಿಟ್ಟುಕೊಂಡು ಸತ್ತನೆಂದು ಬರೆಸಿಕೊಳ್ಳಲು ಬಂದವಳಂತೆ ಕಾಣುತ್ತಿದ್ದೆ ನಾನು. ಸರಿಯಾದ ಕಾರಣ ಹೇಳದಿದ್ದರೆ ದಾವೆ ಇಲ್ಲಿಗೇ ಮುಗಿಯುತ್ತದೆ, ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೆಯೇ ಕ್ರಮವಾಗಬಹುದು ಎಂದರು. ಬೇಲಿಫನನ್ನು ಕರೆಸಲು ಹೇಳಿ, ನನ್ನನ್ನು ಸಾಕ್ಷಿಯ ಕಟಕಟೆಗೆ ಬರಹೇಳಿದರು.

ಬೇಲಿಫ್ ಬಂದ. ಐವತ್ತರ ಆಸುಪಾಸಿನ ಕಪ್ಪು ಮನುಷ್ಯ, ಬಿಸಿಲಲ್ಲಿ ಅಲೆದು ಅಲೆದು ಇನ್ನೂ ಕಪ್ಪಾದವನು. ತಾನು ಬರೆದದ್ದೆಲ್ಲ ನಿಜ, ಈ ಬಾಯಿಯ ದನಿಯೇ ಅದು ಎಂದ. ದನಿ ನನ್ನದೇ ಎಂದು ನಾನೂ ಒಪ್ಪಿದೆ. ಒಪ್ಪದೆ ಏನು ಮಾಡಲಿ.

ಹಾಗಾದರೆ ಅವರು ಮನೆಯಲ್ಲಿ ಇದ್ದರೇ ಎಂದು ನ್ಯಾಯಾಧೀಶರು ಕೇಳಿದರು. ಇಲ್ಲ ಎಂದೆ. ಇಲ್ಲದಿದ್ದರೆ ಹಾಗೇಕೆ ಹೇಳಿದಿರಿ ಎಂದರು. ನನಗೆ ಬರುವ ಮರಾಠಿಯಲ್ಲಿ ಹೇಳತೊಡಗಿದೆ. ಒಬ್ಬಳೇ ಇರುವವಳು ನಾನು, ಒಬ್ಬಳೇ ಎಂದು ಹೊರಗಿನವರಿಗೆ ತಿಳಿಯಬಾರದೆಂದು ಹೇಳುತ್ತೇನೆ, ಚಪ್ಪಲಿ ಇಡುವುದೂ ಅದಕ್ಕೇ ಎಂದೆ. ಅವರು ತಲೆಯಾಡಿಸಿದರು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅವರು ಒಳ್ಳೆಯ ನ್ಯಾಯಾಧೀಶರು, ಇನ್ನೊಂದು ಪ್ರಶ್ನೆ ಕೇಳಿದರು. ಹೆದರಿಕೆಗೆ ಹೇಳುವವರು ಮಲಗಿದ್ದಾರೆ ಎನ್ನಬಹುದು, ಊಟ ಮಾಡುತ್ತಿದ್ದಾರೆ ಎನ್ನಬಹುದು; ನೀವು ಸ್ನಾನವೆಂದೇ ಏಕೆ ಹೇಳುತ್ತೀರಿ?

ನಾನೇ ಎಂದೂ ಕೇಳಿಕೊಳ್ಳದ ಪ್ರಶ್ನೆ ಅದು. ಕಟಕಟೆಯ ಮರ ಹಿಡಿದು ನಿಂತೆ. ಸ್ಕೂಟರಿನ ಮುಂದೆ ಚೀಲ ಸಿಕ್ಕಿಸುತ್ತಿದ್ದ ಅವರ ಬೆನ್ನು ಕಂಡಿತು. ಹಿಂತಿರುಗಿ ಹೇಳಿದ ಮಾತು ಕೇಳಿಸಿತು. ಮರಾಠಿ ಎಲ್ಲಿ ಹೋಯಿತೋ, ಬಾಯಲ್ಲಿ ಬಂದದ್ದು ನನ್ನ ತವರಿನ ಮಾತೇ.

"ಅವ್ರು ಹೇಳಿ ಹ್ವಾದದ್ದ ಅದರ್ರೀ. ಜಳಕಾ ಮಾಡಿ ಬರ್ತೀನಿ ಅಂದ್ರು. ಅದರ ಮುಂದಿಂದು ನನಗ ಯಾರೂ ಹೇಳಿಲ್ಲ. ಬಂದಿಲ್ಲಂದ್ರ ಇನ್ನೂ ಜಳಕಾನ ಮಾಡಾಕತ್ತಾರಂತ... ನಾ ಸುಳ್ಳ ಹೇಳಿಲ್ರೀ. ನಾ ಸುಳ್ಳ ಹೇಳಿಲ್ಲ."

ಅತ್ತೆ. ಎಂಟು ವರ್ಷ ಅತ್ತದ್ದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು. ಅವತ್ತು ಕಪ್ಪು ಕೋಟಿನವರ ಮುಂದೆ, ಜಗಳಕ್ಕೆ ಬಂದ ಊರವರ ಮುಂದೆ ಅತ್ತೆ. ನ್ಯಾಯಾಧೀಶರಿಗೆ ಕನ್ನಡ ತಿಳಿಯಲಿಲ್ಲ. ಯಶಸ್ವಿನಿಗೆ ತಿಳಿದಿತ್ತು, ಆದರೆ ಅವಳು ಚೀಲದಲ್ಲಿ ಕರವಸ್ತ್ರ ಹುಡುಕುತ್ತಿದ್ದಳು. ಆಗ ಆ ಬೇಲಿಫ್ ಒಂದು ಹೆಜ್ಜೆ ಮುಂದೆ ಬಂದು, ತಾನು ಚನ್ನಪ್ಪ, ತನ್ನ ತಂದೆಯ ಕಾಲಕ್ಕೆ ಆಳಂದದ ಕಡೆಯಿಂದ ಬಂದವರು, ಅಪ್ಪಣೆಯಾದರೆ ಹೇಳುತ್ತೇನೆ ಎಂದ. ನನ್ನ ವಿರುದ್ಧ ಬರೆದವನೇ ನನ್ನ ಮಾತನ್ನು ಒಂದೂ ಬಿಡದೆ ಮರಾಠಿಗೆ ತಿರುಗಿಸಿ ಹೇಳಿದ. ಹಿಂದಿನ ಬೆಂಚಿನಲ್ಲಿ ಈ ಸಲ ಯಾರೂ ನಗಲಿಲ್ಲ.

ನ್ಯಾಯಾಧೀಶರು ನನ್ನ ಹೇಳಿಕೆ ಬರೆದುಕೊಂಡರು. ಆಮೇಲೆ ಹೇಳಿದರು. ನಿಮ್ಮ ಮಾತು ನಾನು ನಂಬಬಹುದು, ಆದರೆ ಇದ್ದಾರೆ ಎಂಬ ವರದಿ ಇಟ್ಟುಕೊಂಡು ಇಲ್ಲವೆಂದು ತೀರ್ಪು ಕೊಡಲು ಬರುವುದಿಲ್ಲ. ಬೇಲಿಫ್ ಮತ್ತೊಮ್ಮೆ ಹೋಗಲಿ. ನೆರೆಯವರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಪ್ರತಿವಾದಿಯ ಹೆಸರನ್ನು ಮೂರು ಸಲ ಕರೆಯಲಿ. ಉತ್ತರ ಬರದಿದ್ದರೆ ಬಾಗಿಲಿಗೆ ನೋಟಿಸು ಅಂಟಿಸಿ ಬರಲಿ. ಹೊರಗೆ ಬಂದ ಮೇಲೆ ಯಶಸ್ವಿನಿ ನನ್ನ ಎರಡೂ ಕೈ ಹಿಡಿದುಕೊಂಡು, ಅವನು ಕರೆದಾಗ ಏನೂ ಅನ್ನಬೇಡಿ, ಸುಮ್ಮನಿರುವುದೊಂದೇ ನಿಮ್ಮ ಕೆಲಸ ಎಂದು ಎರಡೆರಡು ಸಲ ಹೇಳಿದಳು. ಅದೇನು ಮಹಾ ಕೆಲಸವೆಂದು ನಾನು ಅಂದುಕೊಂಡೆ.

ಯಾವತ್ತು ಬರುತ್ತಾನೆಂದು ಹೇಳುವ ಕ್ರಮವಿಲ್ಲವಂತೆ. ಫಾಲಿನ ಸೀರೆಗಳು ಬಾಕಿ ಬಿದ್ದವು, ಇತವಾರಿಗೆ ಹೋಗಲಿಲ್ಲ. ಮೆಟ್ಟಿಲಲ್ಲಿ ಯಾರ ಹೆಜ್ಜೆ ಸಪ್ಪಳವಾದರೂ ಒಲೆ ಸಣ್ಣ ಮಾಡುತ್ತಿದ್ದೆ. ಮನೆಯೊಳಗೆ ಓಡಾಡುತ್ತ, ಸುಮ್ಮನಿರುವುದನ್ನು ಅಭ್ಯಾಸ ಮಾಡಿದೆ ಎಂದರೆ ನಗಬೇಡಿ. ಮಾತಾಡಲು ಯಾರೂ ಇಲ್ಲದ ಮನೆಯಲ್ಲಿ ಸುಮ್ಮನಿರುವುದನ್ನು ಅಭ್ಯಾಸ ಮಾಡಬೇಕಾಗಿ ಬಂದದ್ದು ನನ್ನ ಹಣೆಬರಹ.

ಅವನು ಬಂದಾಗ ಅನ್ನ ಆಗಷ್ಟೇ ಬಸಿದಿದ್ದೆ. ಎದುರು ಮನೆಯ ಬಾಗಿಲು ತಟ್ಟಿದ್ದು, ಮೃಣಾಲಿನಿ ವಹಿನಿ ಹೊರಗೆ ಬಂದದ್ದು, ಕಾಗದ ಮಡಚುವ ಸದ್ದು ಎಲ್ಲ ಕೇಳಿಸಿತು. ಆಮೇಲೆ ನನ್ನ ಬಾಗಿಲ ಮುಂದೆ ದನಿ ಬಂತು.

"ಕೇದಾರನಾಥ ಅಂಗಡೀ!"

ಇದ್ದಾರೆ. ಬಾಯಿಗೆ ಬಂದೇಬಿಟ್ಟಿತು. ಸೆರಗು ತುರುಕಿಕೊಂಡೆ. ಒಂದು ಮಾತು ಅಂದುಬಿಟ್ಟರೆ ಸಾಕು, ಅವರು ಇನ್ನೂ ಇರುತ್ತಾರೆ, ದಾವೆ ಹಾಳಾಗಿ ಹೋಗಲಿ ಎಂದು ಮನಸ್ಸು ಹಟ ಹಿಡಿಯಿತು. ದಾವೆ ಹಾಕಿದವಳೂ ನಾನೇ, ಅದನ್ನು ಕೆಡಿಸಲು ನಿಂತವಳೂ ನಾನೇ.

ಎರಡನೆಯ ಸಲ ಕರೆದ. ನನ್ನ ಕಣ್ಣು ಬಚ್ಚಲ ಬಾಗಿಲ ಕಡೆ ಹೋಯಿತು. ಅದು ಅರ್ಧ ತೆರೆದಿತ್ತು. ಒಳಗೆ ಬಕೆಟ್ಟು, ನನ್ನದೊಂದು ಸಾಬೂನು, ನನ್ನದೊಂದು ಟವೆಲು.

ಮೂರನೆಯ ಸಲ ದನಿ ಮೊದಲಿನಷ್ಟು ಜೋರಾಗಿರಲಿಲ್ಲ. ಕರೆದು ಅವನು ಸುಮ್ಮನಾದ. ವಹಿನಿ ಸುಮ್ಮನಿದ್ದಳು. ನಾನೂ ಬಾಯಿಂದ ಸೆರಗು ತೆಗೆದು ಸುಮ್ಮನೆ ನಿಂತೆ, ಕಿವಿಗೊಟ್ಟು ಕಾದೆ. ಹೌದು, ನಾನೂ ಅವರ ಉತ್ತರಕ್ಕೆ ಕಾದೆ. ಯಾರು ಕರೆದರೂ ನಾನೇ ಮುಂದೆ ಬಿದ್ದು ಹೇಳಿಬಿಡುತ್ತಿದ್ದೆನಾದ್ದರಿಂದ ಈ ಮನೆಯಲ್ಲಿ ಆ ಹೆಸರಿಗೆ ಉತ್ತರ ಬರುವುದಿಲ್ಲ ಎಂಬುದನ್ನು ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ. ಅವತ್ತು ಕೇಳಿದೆ. ಅನ್ನದ ಪಾತ್ರೆಯ ಮುಚ್ಚಳ ಆವಿಗೆ ಒಮ್ಮೆ ಅಲುಗಿತು, ಅಷ್ಟೇ.

ಬಾಗಿಲು ತೆಗೆದೆ. ಚನ್ನಪ್ಪ ಗೋಂದಿನ ಬಾಟಲಿ ಹಿಡಿದು ಒದ್ದಾಡುತ್ತಿದ್ದ. ನಮ್ಮ ಬಾಗಿಲಿಗೆ ಹಚ್ಚಿದ್ದು ಎಣ್ಣೆಯ ಬಣ್ಣ, ಗೋಂದು ಹಿಡಿಯುತ್ತಿರಲಿಲ್ಲ. ಕಾಗದ ಮೇಲೆ ಅಂಟಿಸಿದರೆ ಕೆಳಗೆ ಬಿಚ್ಚಿಕೊಳ್ಳುತ್ತಿತ್ತು. ತಾಳಿ ಎಂದು ಒಳಗೆ ಹೋಗಿ ಒಂದು ಹಿಡಿ ಬಿಸಿ ಅನ್ನ ತಂದೆ. ಅಗಳನ್ನು ಬೆರಳಲ್ಲಿ ನುರಿದು ಕಾಗದದ ನಾಲ್ಕು ಮೂಲೆಗೂ ಹಚ್ಚಿ ಒತ್ತಿದೆ. ಕೇದಾರನಾಥ ಅಂಗಡಿ ಇವರು ಇಂಥ ತಾರೀಖಿಗೆ ಕೋರ್ಟಿಗೆ ಬಂದು ಹಾಜರಾಗತಕ್ಕದ್ದು ಎಂದು ಅದರಲ್ಲಿ ಮರಾಠಿಯಲ್ಲಿ ಬರೆದಿತ್ತು. ಅವರಿಗಾಗಿ ಕೈಯಲ್ಲಿ ಅನ್ನ ಹಿಡಿದದ್ದು ಎಂಟು ವರ್ಷದ ಮೇಲೆ ಅವತ್ತೇ. ಹೆಣ ಸಿಕ್ಕಿರಲಿಲ್ಲವಾದ್ದರಿಂದ ಪಿಂಡ ಇಡುವ ಕೆಲಸ ಮಾಡಿರಲಿಲ್ಲ.

ವಹಿನಿ ಸಾಕ್ಷಿಗೆ ಸಹಿ ಹಾಕಿದಳು. ಆಮೇಲೆ ನೆಲ ನೋಡುತ್ತ, ನೀನು ಒಳಗಿಂದ ಹೇಳುವುದು ನನಗೆ ದಿನಾ ಕೇಳುತ್ತಿತ್ತು, ಏನು ಮಾತಾಡಬೇಕೋ ತಿಳಿಯದೆ ಟಿವಿ ದೊಡ್ಡದು ಮಾಡುತ್ತಿದ್ದೆ ಎಂದಳು. ನನಗೆ ಸಿಟ್ಟು ಬಂತು. ಎರಡು ಹೆಜ್ಜೆ ದಾಟಿ ಬಂದು ಬಾಗಿಲು ಬಡಿಯಲು ಅವಳಿಗೇನು ವೀಸಾ ಬೇಕಿತ್ತೇ. ಚನ್ನಪ್ಪ ಹೊರಡುವಾಗ ಮೆಟ್ಟಿಲಲ್ಲಿ ನಿಂತು ನನ್ನ ಕಡೆ ತಿರುಗಿದ.

"ಅಕ್ಕಾರ, ಆ ಚಪ್ಪಲಿ ಒಳಗ ಇಡ್ರಿ. ನಾಳೆ ಬ್ಯಾರೇ ಬೇಲಿಫ್ ಬಂದ್ರ ಅವ್ನೂ ನೋಡಿ ಹಂಗ ಬರದಾನು. ಚಿಲಕಾ ಬರೋಬರ್ ಹಾಕ್ಕೋರಿ."

ಚಪ್ಪಲಿ ಒಳಗೆ ತಂದೆ. ವರ್ಷಗಟ್ಟಲೆ ಹೊರಗೆ ಬಿದ್ದು ಅದರ ಚರ್ಮ ಸೆಟೆದುಕೊಂಡಿತ್ತು. ಎಲ್ಲಿ ಇಡಬೇಕೋ ತಿಳಿಯದೆ ಬಚ್ಚಲ ಬಾಗಿಲ ಪಕ್ಕದಲ್ಲಿಟ್ಟೆ.

ಹೇಳಿದ ತಾರೀಖಿಗೆ ಪಟ್ಟೇವಾಲಾ ಬಾಗಿಲಲ್ಲಿ ನಿಂತು ಅವರ ಹೆಸರನ್ನು ಮೂರು ಸಲ ಕೂಗಿದ. ನಾನು ಒಳಗೆ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದೆ. ಈ ಸಲ ನಾಲಿಗೆ ಏಳಲಿಲ್ಲ. ಓಣಿಯಂತಹ ಆ ಉದ್ದನೆಯ ಮೊಗಸಾಲೆಯಲ್ಲಿ ಎಷ್ಟು ಜನರಿದ್ದರು, ಒಬ್ಬರೂ ನಾನು ಎನ್ನಲಿಲ್ಲ. ಸ್ವಲ್ಪ ದಿನದಲ್ಲಿ ತೀರ್ಪಾಯಿತು. ಕೇದಾರನಾಥ ಅಂಗಡಿಯವರು ತೀರಿಕೊಂಡಿದ್ದಾರೆಂದು ತಿಳಿಯತಕ್ಕದ್ದು ಎಂದು ನ್ಯಾಯಾಧೀಶರು ಓದಿ, ಕಾಗದದಿಂದ ತಲೆಯೆತ್ತಿ ನನ್ನ ಕಡೆ ಒಮ್ಮೆ ನೋಡಿದರು. ಯಶಸ್ವಿನಿ ಗೆದ್ದೆವು ಎಂದಳು, ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಕುಂಕುಮದ ವಿಷಯ ತೀರ್ಪಿನಲ್ಲಿ ಏನೂ ಇರಲಿಲ್ಲ, ನಾನೂ ಕೇಳಲಿಲ್ಲ. ಹಚ್ಚಿಕೊಳ್ಳುತ್ತಿದ್ದಷ್ಟೇ ಈಗಲೂ ಹಚ್ಚಿಕೊಳ್ಳುತ್ತೇನೆ.

ತೀರ್ಪಿನ ನಕಲು ತೆಗೆದುಕೊಳ್ಳಲು ಕೆಳಗಿನ ಕಿಟಕಿಗೆ ಹೋದಾಗ ಮೊದಲ ದಿನದ ಅದೇ ಹುಡುಗಿ ಕೂತಿದ್ದಳು. ಜೊತೆಗೆ ಯಾರಿದ್ದಾರೆ ಎಂದು ಈ ಸಲ ಕೇಳಲಿಲ್ಲ. ಇನ್ನು ಮುಂದೆ ನನಗೆ ತಾರೀಖು ಇಲ್ಲ ಎಂಬುದು ಹೊರಗೆ ಬಂದು ಬಸ್ಸಿಗೆ ನಿಂತಾಗ ಹೊಳೆಯಿತು. ಚಪಾತಿ ಹಂಚಿಕೊಳ್ಳುತ್ತಿದ್ದ ಆ ಮುದುಕ ಮತ್ತು ಬಾಡಿಗೆದಾರನ ನೆನಪಾಯಿತು. ಅವರ ದಾವೆ ಇನ್ನೂ ಹತ್ತು ವರ್ಷ ನಡೆದೀತು. ಪುಣ್ಯವಂತರು.

ನಕಲು ತೋರಿಸಿ ಲೈಟ್ ಬಿಲ್ಲು ನನ್ನ ಹೆಸರಿಗೆ ಮಾಡಿಸಿದೆ, ಗ್ಯಾಸೂ ಮಾಡಿಸಿದೆ. ಬಾಗಿಲ ಮೇಲಿನ ನೋಟಿಸನ್ನು ನಾನು ಕೀಳಲಿಲ್ಲ. ಅನ್ನದ ಅಗಳು ಗಟ್ಟಿಯಾಗಿ ಹಿಡಿದುಕೊಂಡಿದೆ, ಮೂಲೆಗಳ ತುದಿಯನ್ನು ಮಾತ್ರ ಇರುವೆಗಳು ತಿಂದಿವೆ.

ಮೊನ್ನೆ ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದೆ. ಕೆಳಗೆ ಗ್ಯಾಸಿನ ಗಾಡಿ ನಿಂತಿತು. ಸಿಲಿಂಡರು ಹೊತ್ತು ಮೆಟ್ಟಿಲು ಹತ್ತಿದ ಸದ್ದಾಯಿತು. ಬಾಗಿಲ ಮುಂದೆ ಅವನು ತಡೆದು ನಿಂತ. ಚೀಟಿಯಲ್ಲಿ ಹೊಸ ಹೆಸರು ಬಂದಿರಬೇಕು, ಓದಿಕೊಳ್ಳುತ್ತಿದ್ದ.

"ತೇಜಶ್ರೀ ಅಂಗಡೀ!"

ಸೂಜಿ ಕೈಯಲ್ಲೇ ನಿಂತಿತು. ಈ ಮನೆಯ ಬಾಗಿಲಲ್ಲಿ ಆ ಹೆಸರನ್ನು ಯಾರೂ ಕೂಗಿರಲಿಲ್ಲ. ಅದಕ್ಕೆ ಏನು ಉತ್ತರ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಇನ್ನೊಬ್ಬರ ಹೆಸರಿಗೆ ಮೂರು ಭಾಷೆಯಲ್ಲಿ ಉತ್ತರ ಗೊತ್ತಿದ್ದವಳು ಬಾಯಿ ಬಿಟ್ಟುಕೊಂಡು ಕೂತೆ.

ಎರಡನೆಯ ಸಲ ಕರೆದ. ಸೀರೆ ಕಾಲಿಗೆ ತೊಡರಿತು. ಮೂರು ಸಲ ಕರೆದು ಉತ್ತರ ಬರದಿದ್ದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು. ಅವನು ಮೂರನೆಯ ಸಲ ಉಸಿರು ತೆಗೆದುಕೊಳ್ಳುವುದರೊಳಗೆ ಓಡಿಹೋಗಿ ಚಿಲಕ ತೆಗೆದು ಬಾಗಿಲನ್ನು ಪೂರ್ತಿ ತೆರೆದೆ.

"ಅದೀನಿ," ಎಂದೆ.